60 ಮೀಟರ್ ನೀರು ದಾಟೋಕೆ ಎರಡು ದಿನ

ದಾರಿ ಅಲ್ಲಿಗೆ ಮುಗಿದೇ ಹೋಗುತ್ತೆ. ಎಡಕ್ಕೂ ನೀರು ಬಲಕ್ಕೂ ನೀರು, ಮಧ್ಯ ಒಂದು ಗಾಡಿ ಹೋಗೋವಷ್ಟು ಅಗಲದ ಜಲ್ಲಿಪುಡಿ ದಾರಿ, ಅದ್ರ ಮೇಲೆ ನಾಲ್ಕು ಕಿಲೋಮೀಟರ್ ಸೈಕಲ್ ತುಳ್ಕೊಂಡು ಬಂದಿರ್ತೀವಿ, ಆಮೇಲೆ ಮುಂದೆ ಬರೀ ನೀರು. 200 ಅಡಿ, ಅಂದ್ರೆ ಸುಮಾರು 60 ಮೀಟರ್. ಆಚೆ ಕಡೆ ಅದೇ ದಾರಿ ಮತ್ತೆ ಶುರುವಾಗಿರೋದು ಕಣ್ಣಿಗೆ ಕಾಣ್ತಿರುತ್ತೆ, ಅಲ್ಲಿ ನಿಂತಿರೋರ ಹೆಲ್ಮೆಟ್ ಬಣ್ಣ ಕೂಡ ಹೇಳ್ಬಹುದು, ಆದ್ರೆ ಹೋಗೋಕಾಗಲ್ಲ. ಆ 60 ಮೀಟರ್ ದಾಟಿಸೋಕೆ ಅಂತಲೇ ಒಂದು ಪುಟ್ಟ ಬೋಟ್ ಇದೆ, ಸೈಕಲ್‌ನೋರಿಗೂ ನಡ್ಕೊಂಡು ಬರೋರಿಗೂ ಮಾತ್ರ, ಕಾರು ಬೈಕು ಏನೂ ಇಲ್ಲ. ಬೇಸಿಗೆ ಶುರುವಾದ್ಮೇಲೆ ಬಿಡ್ತಾರೆ, ಅಕ್ಟೋಬರ್‌ನಲ್ಲಿ ಚಳಿ ಬಂತು ಅಂದ್ರೆ ನಿಲ್ಲಿಸ್ತಾರೆ. ನಾನು ಅದನ್ನ ದಾಟೋಕೆ ಎರಡು ದಿನ ತಗೊಂಡೆ, ಎರಡನೇ ದಿನ ಅಮ್ಮನೂ ಜೊತೆಗಿದ್ಳು, ಆ ಎರಡು ದಿನದ ಕಥೆ ಇದು.

ಜಾಗ ಯಾವ್ದು ಅಂದ್ರೆ ಅಮೆರಿಕದ ವರ್ಮಾಂಟ್ ರಾಜ್ಯದ ಲೇಕ್ ಶಾಂಪ್ಲೇನ್. ಉದ್ದಕ್ಕೆ ಸುಮಾರು 190 ಕಿಲೋಮೀಟರ್ ಇರೋ ಸರೋವರ, ಪೂರ್ವಕ್ಕೆ ವರ್ಮಾಂಟ್, ಪಶ್ಚಿಮಕ್ಕೆ ನ್ಯೂಯಾರ್ಕ್ ರಾಜ್ಯ, ಉತ್ತರದ ತುದಿ ಕೆನಡಾದ ಕ್ವಿಬೆಕ್ ಒಳಗೆ ಹೋಗಿ ನಿಲ್ಲುತ್ತೆ. 1998ರಲ್ಲಿ ಇದನ್ನ ಕಾಗದದ ಮೇಲೆ ಅಮೆರಿಕದ ಗ್ರೇಟ್ ಲೇಕ್‌ಗಳಲ್ಲಿ ಒಂದು ಅಂತ ಸೇರಿಸಿದ್ರು, ಆದ್ರೆ ಗಲಾಟೆ ಆಗಿ 18 ದಿನಕ್ಕೇ ವಾಪಸ್ ತೆಗೆದ್ರು. ಗ್ರೇಟ್ ಅಲ್ದಿದ್ರೇನು, ಕೆಲವು ಕಡೆ ಅಗಲ 19 ಕಿಲೋಮೀಟರ್, ಆಳ 400 ಅಡಿ, ಗಾಳಿ ಬೀಸೋಕೆ ಶುರು ಮಾಡಿದ್ರೆ ಸಮುದ್ರ ನೋಡ್ದಂಗೇ ಇರುತ್ತೆ. ಈ ಗಾಳಿ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಎಲ್ಲಾ ಅದ್ರ ಮೇಲೇ ನಿಂತಿದೆ.

ನಾವಿರೋದು ಬಾಸ್ಟನ್ ಕಡೆ. ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ಳು, 62 ವರ್ಷ, ಊರಲ್ಲಿ ದಿನಾ ಬೆಳಗ್ಗೆ ಎಂಟು ಕಿಲೋಮೀಟರ್ ನಡೆಯೋಳು, ಇಲ್ಲಿ ಬಂದು ಅಪಾರ್ಟ್‌ಮೆಂಟ್ ಸುತ್ತ ಸುತ್ತಿ ಸುತ್ತಿ ಬೇಜಾರಾಗಿತ್ತು. "ಎಲ್ಲಾದ್ರೂ ಕಾರಿಲ್ದೇ ಇರೋ ಉದ್ದದ ದಾರೀಲಿ ಬಿಡೋ ನನ್ನ" ಅಂತ ವಾರಕ್ಕೊಂದ್ಸಲ ಹೇಳ್ತಿದ್ಳು. ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ಭಾನುವಾರ ಬರ್ಲಿಂಗ್ಟನ್‌ಗೆ ಹೋದ್ವಿ. ಪ್ಲಾನ್ ಏನಂದ್ರೆ ಶನಿವಾರ ನಾನೊಬ್ನೇ ಸೈಕಲ್‌ನಲ್ಲಿ ಪೂರ್ತಿ ದಾರಿ ನೋಡ್ಕೊಂಡು ಬರೋದು, ಭಾನುವಾರ ಅಮ್ಮನ್ನ ಕರ್ಕೊಂಡು ಹೋಗೋದು. ಅಮ್ಮಂಗೆ ಸೈಕಲ್ ಬರಲ್ಲ, ಅವಳು ನಡೀತಾಳೆ, ನಾನು ಸೈಕಲ್ ತಳ್ಕೊಂಡೋ ನಿಧಾನಕ್ಕೆ ತುಳ್ಕೊಂಡೋ ಜೊತೆಗಿರೋದು.

ಈ ದಾರೀಗೆ ಐಲ್ಯಾಂಡ್ ಲೈನ್ ಟ್ರೇಲ್ ಅಂತ ಹೆಸರು, ಬರ್ಲಿಂಗ್ಟನ್‌ನ ಓಕ್‌ಲೆಡ್ಜ್ ಪಾರ್ಕಿಂದ ಸೌತ್ ಹೀರೋ ಅನ್ನೋ ದ್ವೀಪದವರೆಗೆ ಸುಮಾರು 14 ಮೈಲಿ, ನಮ್ಮ ಲೆಕ್ಕದಲ್ಲಿ 22 ಕಿಲೋಮೀಟರ್. ಹೆಸರಲ್ಲಿ ಲೈನ್ ಅಂತಿರೋದು ಯಾಕಂದ್ರೆ ಇದು ರೈಲು ಹೋಗ್ತಿದ್ದ ದಾರಿ. 1900ರ ಆಸುಪಾಸಲ್ಲಿ ರಟ್ಲೆಂಡ್ ರೈಲ್ವೆಯೋರು ಕೆನಡಾ ಕಡೆಗೆ ಲೈನ್ ಎಳೆಯೋಕೆ ಸರೋವರದ ಮಧ್ಯದಲ್ಲೇ ಕಲ್ಲು ತುಂಬಿಸಿ ಏರಿ ಕಟ್ಟಿದ್ರು, ದ್ವೀಪದಿಂದ ದ್ವೀಪಕ್ಕೆ ಹಾರ್ಕೊಂಡು ಹೋಗೋ ಲೈನು. ಆ ಕಂಪನಿಯಲ್ಲಿ 1961ರಲ್ಲಿ ಮುಷ್ಕರ ಆಯ್ತು, ಮತ್ತೆ ಅದು ಏಳಲೇ ಇಲ್ಲ, 1963ರ ಹೊತ್ತಿಗೆ ಪೂರ್ತಿ ಮುಚ್ಚಿಹೋಯ್ತು. ಕಂಬಿ ಕಿತ್ರು, ಏರಿ ಉಳೀತು. ಆ ಏರಿ ಮೇಲೇ ಈಗ ಜನ ಸೈಕಲ್ ತುಳೀತಾರೆ.

ಶನಿವಾರ ಬೆಳಗ್ಗೆ ಬಾಡಿಗೆ ಸೈಕಲ್ ತಗೊಂಡೆ. ಇಲ್ಲೊಂದು ಮಾತು. ಅಂಗಡೀಲಿ ಟ್ರೇಲ್‌ಗೆ ಹೋಗ್ತಿದೀನಿ ಅಂತ ಬಾಯಿಬಿಟ್ಟು ಹೇಳಿದ್ರೂ ತೆಳ್ಳನೆ ಟೈರಿನ ರೋಡ್ ಸೈಕಲ್ ಕೊಟ್ರು, ನಾನೂ ಸರಿಯಾಗಿ ನೋಡ್ಲಿಲ್ಲ. ಊರೊಳಗೆ ಟಾರ್ ಇರೋತನಕ ಬೆಣ್ಣೆ ಥರ ಹೋಗುತ್ತೆ, ಏರಿ ಮೇಲೆ ಜಲ್ಲಿಪುಡಿ ಶುರುವಾದ್ಮೇಲೆ ಹಿಂದಿನ ಚಕ್ರ ಜಾರ್ತಾನೇ ಇರುತ್ತೆ, ಎದುರಿಂದ ಮಕ್ಕಳು ಬಂದ್ರೆ ಎದೆ ಡವಡವ. ಅಗಲದ ಟೈರ್ ಕೇಳಿ ತಗೊಳ್ಳಿ, ಗೇರು ಎಷ್ಟಿದೆ ಅನ್ನೋದು ಮುಖ್ಯ ಅಲ್ಲ, ದಾರಿ ಹೆಚ್ಚುಕಮ್ಮಿ ಸಮತಟ್ಟು, ರೈಲಿಗೆ ಅಂತ ಮಾಡಿದ್ದಲ್ವಾ.

ಬರ್ಲಿಂಗ್ಟನ್ ದಾಟೋತನಕ ಲೇಕ್ ಪಕ್ಕದಲ್ಲೇ ಹೋಗುತ್ತೆ, ಆಮೇಲೆ ವಿನೂಸ್ಕಿ ನದಿ ಬರುತ್ತೆ, ಅದಕ್ಕೆ ಸೈಕಲ್‌ಗೆ ಅಂತಲೇ ಒಂದು ಸೇತುವೆ ಇದೆ, 2004ರಲ್ಲಿ ಆಗಿದ್ದು. ಅದಕ್ಕೂ ಮುಂಚೆ ಆ ನದಿ ದಾಟೋಕೂ ಸೈಕಲ್ ಫೆರಿನೇ ಇತ್ತು. ನಾನು ದಾಟೋಕೆ ಹೊರಟಿದ್ದ 60 ಮೀಟರ್ ಬೋಟ್ ನಡೆಸೋದು ಬರ್ಲಿಂಗ್ಟನ್‌ನ ಲೋಕಲ್ ಮೋಷನ್ ಅನ್ನೋ ಲಾಭ ನೋಡದ ಸಂಸ್ಥೆ, ನಡೆಯೋರು ಸೈಕಲ್‌ನೋರಿಗೋಸ್ಕರ ಕೆಲಸ ಮಾಡೋದು, ಅವರೇ ಈ ನದಿಯ ಫೆರಿನೂ ಶುರು ಮಾಡಿದ್ದು. ಸೇತುವೆ ಆದ್ಮೇಲೆ ಅಲ್ಲಿ ದೋಣಿ ಬೇಕಾಗ್ಲಿಲ್ಲ. ಸೇತುವೆ ಮೇಲೆ ನಿಂತು ಕೆಳಗೆ ನೋಡ್ದಾಗ, ಮೊದಲು ಬೋಟ್ ಬಿಟ್ಟು ಇಷ್ಟು ಜನ ಬರ್ತಾರೆ ಅಂತ ತೋರಿಸಿ ಆಮೇಲೆ ಸೇತುವೆ ತರಿಸಿದ ಹಾಗಾಯ್ತಲ್ಲ ಅಂತ ತುಂಬಾ ಹೊತ್ತು ಯೋಚ್ನೆ ಮಾಡ್ದೆ. ನನಗೆ ಈ ಕೆಲಸದ ಮೇಲೆ ಗೌರವ ಬಂದಿದ್ದು ಅಲ್ಲೇ, ಫೆರಿ ಹತ್ತೋಕೂ ಮುಂಚೆ.

ಕೋಲ್ಚೆಸ್ಟರ್ ಊರಿನ ಬೀದಿಗಳನ್ನ ದಾಟಿ, ಏರ್‌ಪೋರ್ಟ್ ಪಾರ್ಕ್ ಅನ್ನೋ ಜಾಗದಿಂದ ಮತ್ತೆ ಕಾಡಿನ ದಾರಿ ಹಿಡಿದು, ಮರಗಳೆಲ್ಲ ಮುಗಿದು ಒಂದೇ ಸಲಕ್ಕೆ ಬಯಲು ತೆರ್ಕೊಳ್ಳುತ್ತೆ. ಎಡಗಡೆ ದೊಡ್ಡ ಲೇಕು, ದೂರದಲ್ಲಿ ನ್ಯೂಯಾರ್ಕ್ ಕಡೆಯ ಅಡಿರಾಂಡ್ಯಾಕ್ ಬೆಟ್ಟಗಳು ನೀಲಿ ನೀಲಿಯಾಗಿ, ಬಲಗಡೆ ಮ್ಯಾಲೆಟ್ಸ್ ಬೇ ಅನ್ನೋ ಕೊಲ್ಲಿ, ಅದ್ರ ಹಿಂದೆ ವರ್ಮಾಂಟ್‌ನ ಗ್ರೀನ್ ಮೌಂಟನ್ಸ್. ಅವತ್ತು ಆಕಾಶದಲ್ಲಿ ಒಂದು ಮೋಡ ಇರ್ಲಿಲ್ಲ. ಆದ್ರೆ ಗಾಳಿ ಇತ್ತು. ಎಡಗಡೆ ಅಲೆ ಬಂದು ಕಲ್ಲಿಗೆ ಬಡಿದು ನೀರು ಹಾರಿ ನನ್ನ ಮೊಣಕಾಲಿಗೆ ಸಿಡೀತಿತ್ತು, ಬಲಗಡೆ, ಇಲ್ಲೇ ನಾಲ್ಕು ಹೆಜ್ಜೆ ಆಚೆ, ನೀರು ತಟ್ಟೇಲಿ ಇಟ್ಟಂಗೆ ನಿಂತಿತ್ತು. ಒಂದೇ ಸರೋವರ, ಮಧ್ಯ ಒಂದು ಏರಿ, ಎರಡು ಕಡೆ ಎರಡು ಹವಾಮಾನ.

ತುದಿಗೆ ಬಂದೆ. ಇಲ್ಲಿನೋರು ಅದನ್ನ ದ ಕಟ್ ಅಂತಾರೆ, ಅಷ್ಟೇ. ಬೋಟ್ ಇಲ್ಲ. ಇನ್ನೂ ನಾಲ್ಕೈದು ಜನ ಸೈಕಲ್ ಮಲಗಿಸಿ ಕೂತಿದ್ರು, ಒಬ್ಬ ವಯಸ್ಸಾದವರು, ಬೆನ್ನಿಗೆ ಬಿಸಿಲು ಕಾಯಿಸ್ಕೊಂಡು, "ಇವತ್ತು ಮಧ್ಯಾಹ್ನದಿಂದ ಇಲ್ಲ, ಗಾಳಿ" ಅಂದ್ರು. ನಾನು ಆಕಾಶ ತೋರಿಸ್ದೆ, ಇಷ್ಟು ಚೆನ್ನಾಗಿದೆಯಲ್ಲ ಅಂತ. ಅವರು ಕೈ ಎತ್ತಿ ನೀರು ತೋರಿಸಿದ್ರು. ಆಮೇಲೆ ಬಿಡಿಸಿ ಹೇಳಿದ್ರು: ದಾಟೋದು ಕಷ್ಟ ಅಲ್ಲ, ದಡ ಹಿಡಿಯೋದು ಕಷ್ಟ. ಆ ಕಡೆ ದೊಡ್ಡ ಲೇಕಿನ ಮೇಲೆ ಕಿಲೋಮೀಟರ್‌ಗಟ್ಟಲೆ ಅಡ್ಡಿಯಿಲ್ದೇ ಓಡಿ ಬಂದ ಅಲೆ ಈ ಕಿಂಡೀಲಿ ನುಗ್ಗುತ್ತೆ, ಬೋಟ್ ಕಟ್ಟೆಗೆ ತಾಗಿ ನಿಂತಾಗ ಮೇಲೆ ಕೆಳಗೆ ಆಡುತ್ತೆ, ಆಗ ಇಪ್ಪತ್ತು ಕಿಲೋ ಸೈಕಲ್ ಹಿಡ್ಕೊಂಡು ಒಬ್ಬರು ಕಾಲಿಡೋಕೆ ಹೋದ್ರೆ ಕಾಲು ಸಂದಿಗೆ ಹೋಗುತ್ತೆ. ಅವರು ಈ ದಾರೀಲಿ ಎಷ್ಟೋ ವರ್ಷದಿಂದ ಬರ್ತಿದ್ದಾರಂತೆ, 2011ರಲ್ಲಿ ಲೇಕ್ ತುಂಬಿ ಹರಿದಾಗ ಈ ಏರಿನೇ ಕೊಚ್ಚಿಹೋಗಿದ್ದನ್ನ ನೋಡಿದೋರು. ಆ ವರ್ಷ ವಸಂತದಲ್ಲಿ ನೀರಿನ ಮಟ್ಟ, ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ರೆ, 103 ಅಡಿ ದಾಟಿತ್ತು, ಇಲ್ಲಿ 100 ಅಡಿ ಅಂದ್ರೇನೇ ಪ್ರವಾಹದ ಗೆರೆ. ಅಲೆಗಳು ದಾರಿ ಮೇಲಿನ ಮಣ್ಣು ಜಲ್ಲಿ ಎಲ್ಲ ತಿಂದು ಬರೀ ಬಂಡೆ ಉಳಿಸಿದ್ವಂತೆ, ಮತ್ತೆ ಕಟ್ಟಿದ್ಮೇಲೇ ಜನ ಓಡಾಡಿದ್ದು.

ಅಲ್ಲಿ ಕೂತಿದ್ದವರಲ್ಲಿ ಒಂದು ಜೋಡಿ ಕಾರನ್ನ ಆಚೆ ಬಿಟ್ಟು ಬೆಳಗ್ಗೆ ಫೆರೀಲಿ ಈ ಕಡೆ ಬಂದಿದ್ರು, ಈಗ ಕಾರು 60 ಮೀಟರ್ ಆಚೆ. ರಸ್ತೇಲಿ ಸುತ್ತಿ ಹೋಗ್ಬೇಕು ಅಂದ್ರೆ ರೂಟ್ 2 ಹಿಡಿದು ಸ್ಯಾಂಡ್‌ಬಾರ್ ಕಡೆಯಿಂದ, ಕಮ್ಮಿ ಅಂದ್ರೂ 25 ಕಿಲೋಮೀಟರ್ ಮೇಲೆ, ಅದೂ ಕಾರು ಲಾರಿ ಓಡಾಡೋ ರಸ್ತೆ. ಆ ಹುಡುಗಿ ಮುಖ ನೋಡೋಕಾಗ್ತಿರ್ಲಿಲ್ಲ. ಕೊನೆಗೆ ಯಾರೋ ಪರಿಚಯದವರಿಗೆ ಫೋನ್ ಮಾಡಿ ಕರೆಸ್ಕೊಂಡ್ರು. ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ ಒಂದೇ ಮಾತು: ಕಾರು ಎಲ್ಲಿದೆಯೋ ಆ ಕಡೆಗೆ ಬೇಗ ವಾಪಸ್ ಬರೋ ಹಾಗೆ ಪ್ಲಾನ್ ಮಾಡ್ಕೊಳ್ಳಿ, ಕೊನೇ ಬೋಟ್ ನಂಬ್ಕೊಂಡು ಕೂರ್ಬೇಡಿ. ಹೊರಡೋಕೆ ಮುಂಚೆ ಅವತ್ತು ಬೋಟ್ ಇದೆಯಾ ಅಂತ ಲೋಕಲ್ ಮೋಷನ್ ಸೈಟಲ್ಲಿ ನೋಡಿ, ಜೊತೆಗೆ ಗಾಳಿ ಎಷ್ಟು, ಯಾವ ಕಡೆಯಿಂದ ಅಂತಾನೂ ನೋಡಿ. ಮಳೆ ಬರುತ್ತಾ ಅಂತ ನೋಡೋದು ನಮ್ಮ ಅಭ್ಯಾಸ, ಇಲ್ಲಿ ನೋಡ್ಬೇಕಾಗಿದ್ದು ಗಾಳಿ.

ನಾನು ಇಪ್ಪತ್ತು ಕಿಲೋಮೀಟರ್ ವಾಪಸ್ ತುಳಿದೆ. ಎದುರು ಗಾಳಿ, ತೆಳ್ಳನೆ ಟೈರು. ರೂಮಿಗೆ ಬಂದಾಗ ಅಮ್ಮ "ದಾಟಿದ್ಯೇನೋ" ಅಂದ್ಳು. ಇಲ್ಲ ಅಮ್ಮ ಅಂದೆ. "ಸರಿ, ನಾಳೆ ಇಬ್ರೂ ದಾಟೋಣ" ಅಂದು ಬಿಸಿನೀರು ಕಾಯಿಸೋಕೆ ಹೋದ್ಳು.

ಭಾನುವಾರ ಬೆಳಗ್ಗೆ ಎದ್ದು ಮೊದಲು ಕಿಟಕಿ ಆಚೆ ಮರದ ತುದಿ ನೋಡ್ದೆ. ಎಲೆ ಅಲ್ಲಾಡ್ತಿರ್ಲಿಲ್ಲ. ಸೈಕಲ್ ಬದಲಾಯಿಸ್ಕೊಂಡು ಏರ್‌ಪೋರ್ಟ್ ಪಾರ್ಕಲ್ಲಿ ಕಾರು ನಿಲ್ಲಿಸಿ ಅಲ್ಲಿಂದ ಹೊರಟ್ವಿ, ಕಟ್‌ವರೆಗೆ ಐದಾರು ಕಿಲೋಮೀಟರ್. ಅಮ್ಮ ಚೂಡಿದಾರ್ ಮೇಲೆ ನನ್ನ ಹಳೇ ಗಾಳಿ ತಡೆಯೋ ಜಾಕೆಟ್ ಹಾಕ್ಕೊಂಡು, ಕಾಲಿಗೆ ಶೂ, ಬ್ಯಾಗಲ್ಲಿ ಎರಡು ಬಾಟಲ್ ನೀರು, ಚಪಾತಿ ರೋಲ್. ಏರಿ ಮೇಲೆ ನೆರಳು ಅನ್ನೋದು ಇಲ್ವೇ ಇಲ್ಲ, ದಾರೀಲಿ ನೀರು ಸಿಗಲ್ಲ ಅಂತಾನೇ ಅಂದ್ಕೊಂಡು ಹೋಗ್ಬೇಕು.

ಮೊದಲ ಅರ್ಧ ಗಂಟೆ ಅಮ್ಮಂಗೆ ದೊಡ್ಡ ಕಷ್ಟ ಆಗಿದ್ದು ಹಿಂದಿಂದ ಬರೋ ಸೈಕಲ್‌ಗಳು. ಇಲ್ಲಿ ಓವರ್‌ಟೇಕ್ ಮಾಡೋಕೆ ಮುಂಚೆ "ಆನ್ ಯುವರ್ ಲೆಫ್ಟ್" ಅಂತ ಕೂಗ್ತಾರೆ, ನಿಮ್ಮ ಎಡಗಡೆಯಿಂದ ಹೋಗ್ತಿದೀನಿ, ನೀವು ಬಲಕ್ಕಿರಿ ಅಂತ. ಅಮ್ಮನ ಕಿವಿಗೆ ಬಿದ್ದಿದ್ದು ಲೆಫ್ಟ್ ಅನ್ನೋದೊಂದೇ, ತಕ್ಷಣ ಎಡಕ್ಕೇ ಹಾರಿದ್ಳು, ನೇರ ಸೈಕಲ್ ಮುಂದಕ್ಕೆ. ಆ ಹುಡುಗ ಬ್ರೇಕ್ ಹಾಕಿ ಜಾರಿ ನಿಂತ, ಪಾಪ ಅವನೇ ಸಾರಿ ಕೇಳ್ದ. ಅಮ್ಮನ ಕೈ ನಡುಗ್ತಿತ್ತು. "ಎಡ ಅಂದ್ರೆ ಎಡಕ್ಕೇ ಅಲ್ವೇನೋ ಹೋಗ್ಬೇಕು" ಅಂದ್ಳು. ಅವರು ಎಡಕ್ಕೆ ಬರ್ತಾರೆ, ನೀನು ಇದ್ದಲ್ಲೇ ಬಲಕ್ಕಿರು ಅಂತ ಹೇಳ್ಕೊಟ್ಟೆ, ಆದ್ರೂ ಕಟ್ ಮುಟ್ಟೋತನಕ ಯಾರಾದ್ರೂ ಕೂಗಿದ್ರೆ ಅವಳು ಪೂರ್ತಿ ನಿಂತು, ತಿರುಗಿ ನೋಡಿ, ಅವರು ಹೋದ್ಮೇಲೇ ಹೆಜ್ಜೆ ಇಡ್ತಿದ್ಳು. ಊರಿಂದ ಬಂದ ಹಿರಿಯರನ್ನ ಕರ್ಕೊಂಡು ಹೋಗೋರು ಈ ಒಂದು ವಿಷಯ ಮನೇಲೇ ಹೇಳ್ಕೊಟ್ಟು ಹೊರಡಿ.

ಏರಿ ಅಂಚಿಗೆ ಹಾಕಿರೋ ಕಲ್ಲುಗಳನ್ನ ಶನಿವಾರ ನಾನು ನೋಡಿರ್ಲಿಲ್ಲ, ಅಮ್ಮ ತೋರಿಸಿದ್ಳು. "ಇದು ಅಮೃತಶಿಲೆ ಅಲ್ವೇನೋ?" ಹೌದು, ಬಿಳೀ ಮಾರ್ಬಲ್. ರಟ್ಲೆಂಡ್ ಕಡೆ ಮಾರ್ಬಲ್ ಗಣಿಗಳು ಜಾಸ್ತಿ, ಅಲ್ಲಿ ಕೆಲಸಕ್ಕೆ ಬರದ ತುಂಡುಗಳನ್ನ ರೈಲಲ್ಲಿ ತಂದು ಸುರಿದು ಅಲೆಗೆ ಅಡ್ಡ ಹಾಕಿದ್ದು. ಬಗ್ಗಿ ನೋಡಿದ್ರೆ ಒಂದೊಂದು ಬಂಡೆ ಮೇಲೆ ಗೆರೆ ಎಳ್ದಂಗೆ ಅರ್ಧ ಕೊಳವೆ ಆಕಾರದ ಗುರುತು, ಗಣೀಲಿ ಕಲ್ಲು ಬಿಡಿಸೋಕೆ ಸಾಲಾಗಿ ತೂತು ಕೊರೆದಿದ್ದು. ಅಮ್ಮ ಒಂದು ಗೆರೆಯಲ್ಲಿ ಬೆರಳಿಟ್ಟು ನೋಡಿದ್ಳು, ಬೆರಳು ಸರಿಯಾಗಿ ಕೂತ್ಕೊಳ್ತು. ನೂರಿಪ್ಪತ್ತು ವರ್ಷದಿಂದ ಅಲೆ ತಿಂದ್ರೂ ಆ ಗೆರೆ ಮಾಸಿಲ್ಲ.

ಕಟ್ ಹತ್ರ ಬಂದಾಗ ಬೋಟ್ ಆಚೆಯಿಂದ ಹೊರಟಿತ್ತು. ಚಪ್ಪಟೆ ತಳದ್ದು, ದೊಡ್ಡದಲ್ಲ. ಇಬ್ಬರು ಕೆಲಸದಲ್ಲಿದ್ರು, ಬೋಟ್ ನಡೆಸೋ ಕ್ಯಾಪ್ಟನ್, ಇನ್ನೊಬ್ಳು ಹಗ್ಗ ಹಿಡಿಯೋ ಹುಡುಗಿ, ಕಾಲೇಜು ವಯಸ್ಸು. ಅವಳು ಬೋಟ್ ಇನ್ನೂ ನಿಲ್ಲೋಕೂ ಮುಂಚೆ ಹಗ್ಗದ ಕುಣಿಕೆ ಎಸೆದು ಗೂಟಕ್ಕೆ ಬೀಳ್ಸಿದ್ಳು, ಒಂದೇ ಏಟಿಗೆ. ಹಗ್ಗ ಒಂದ್ಸಲ ಬಿಗಿಯಾಗಿ ನೀರು ಕಾರಿ ಸಡಿಲ ಆಯ್ತು. ಮೊದಲು ಇಳಿಯೋರು ಇಳಿದು ಪಕ್ಕಕ್ಕೆ ಸರಿದು ದಾರಿ ಬಿಡ್ಬೇಕು, ಆಮೇಲೆ ಹತ್ತೋರು. ಸೈಕಲ್‌ನೋರು ಕೆಳಗಿಳಿದು ತಳ್ಕೊಂಡೇ ಬರ್ಬೇಕು, ಯಾವ ಸೈಕಲ್ ಎಲ್ಲಿ ಅಂತ ಅವಳೇ ಹೇಳ್ತಾಳೆ. ಒಂದು ಸೈಕಲ್ ಹ್ಯಾಂಡಲ್ ಈ ಕಡೆ ಇದ್ರೆ ಪಕ್ಕದ್ದು ಆ ಕಡೆ, ಪೆಡಲ್ ಒಂದಕ್ಕೊಂದು ಸಿಕ್ಕಾಕ್ಕೊಳ್ಳದ ಹಾಗೆ. ಮಗು ಕೂರಿಸೋ ಟ್ರೇಲರ್ ಕಟ್ಕೊಂಡು ಬಂದ ಒಂದು ಮನೆಯೋರಿದ್ರು, ಅದನ್ನ ಬಿಚ್ಚಿಸಿ ಬೇರೆ ಹತ್ತಿಸಿದ್ಳು. ಭಾರ ಎರಡೂ ಕಡೆ ಸಮ ಇರ್ಬೇಕು ಅಂತ ಇಬ್ಬರನ್ನ ಎಬ್ಬಿಸಿ ಆಚೆ ಬೆಂಚಿಗೆ ಕಳಿಸಿದ್ಳು. ಲೈಫ್ ಜಾಕೆಟ್ ಎಲ್ಲಿದೆ ಅಂತ ತೋರಿಸಿದ್ಳು. ಕೊನೇಲಿ ಬರೀ ನಡ್ಕೊಂಡು ಬಂದೋರು, ಅಂದ್ರೆ ಅವತ್ತು ಅಮ್ಮ ಒಬ್ಬಳೇ.

ಹೋಗಿ ಬರೋ ಟಿಕೆಟ್ ತಗೊಂಡು ಕೂತ್ವಿ. ಹೊರಡೋ ಹೊತ್ತಿಗೆ ಒಂದು ಹಾಯಿದೋಣಿ ಬಂತು, ಎತ್ತರದ ಕಂಬ, ಬೇ ಒಳಗಿಂದ ದೊಡ್ಡ ಲೇಕ್ ಕಡೆಗೆ. ನಮ್ಮ ಕ್ಯಾಪ್ಟನ್ ಕಾಯ್ದ. ಅಮ್ಮ ಆಗ ಕೇಳಿದ್ಳು, ನಾನು ಶನಿವಾರದಿಂದ ಮನಸ್ಸಲ್ಲೇ ಇಟ್ಕೊಂಡಿದ್ದ ಪ್ರಶ್ನೆ: "ಇಷ್ಟಗಲಕ್ಕೆ ಒಂದು ಸೇತುವೆ ಹಾಕೋಕೆ ಇವರಿಗೇನು ಕಷ್ಟ?" ಉತ್ತರ ಕಣ್ಣೆದುರಿಗೇ ಹೋಗ್ತಿತ್ತು. ಈ ಕಿಂಡಿ ಇರೋದೇ ದೋಣಿಗಳಿಗೋಸ್ಕರ. ರೈಲಿದ್ದ ಕಾಲದಲ್ಲೂ ಇಲ್ಲಿ ತಿರುಗೋ ಸೇತುವೆ ಇತ್ತು, ದೋಣಿ ಬಂದಾಗ ಪಕ್ಕಕ್ಕೆ ತಿರುಗಿಸಿ ದಾರಿ ಬಿಡ್ತಿದ್ರು, ರೈಲು ಹೋದ್ಮೇಲೆ ಅದನ್ನೂ ತೆಗೆದ್ರು. ಈಗ ಸೇತುವೆ ಕಟ್ಬೇಕು ಅಂದ್ರೆ ಒಂದೋ ಹಾಯಿಕಂಬ ದಾಟೋವಷ್ಟು ಎತ್ತರ, ಇಲ್ಲಾ ಮತ್ತೆ ತೆರೆದು ಮುಚ್ಚೋ ಅಂಥದ್ದು, ಅದನ್ನ ನಡೆಸೋಕೆ ಆಳು, ಚಳಿಗಾಲದಲ್ಲಿ ಲೇಕ್ ಹೆಪ್ಪುಗಟ್ಟಿದಾಗ ಐಸ್ ಕೊಡೋ ಒತ್ತಡ ಬೇರೆ. ಬೋಟ್ ಆದ್ರೆ ಸೀಸನ್ ಮುಗಿದ್ಮೇಲೆ ಎತ್ತಿಟ್ಟುಬಿಡ್ಬಹುದು.

ನನ್ನ ಅಭಿಪ್ರಾಯ ಕೇಳಿದ್ರೆ, ಇಲ್ಲಿ ಸೇತುವೆ ಬೇಡವೇ ಬೇಡ. ವಿನೂಸ್ಕಿ ಹತ್ರ ಬೇಕಿತ್ತು, ಅಲ್ಲಿ ಆಯ್ತು. ಇಲ್ಲಿ ಈ ಕಿಂಡೀಲಿ ಸೈಕಲ್‌ನೋರು, ನಡೆಯೋರು, ಹಾಯಿದೋಣಿಯೋರು ಮೂರೂ ಜನ ಒಬ್ಬರಿಗೊಬ್ಬರು ನಿಂತು ದಾರಿ ಬಿಡ್ತಾರೆ, ಅಷ್ಟು ಹೊತ್ತು ಎಲ್ರೂ ಒಬ್ಬರನ್ನೊಬ್ಬರು ನೋಡ್ತಾರೆ. ಶನಿವಾರ ನಾನು ದಾಟೋಕಾಗ್ದೇ ವಾಪಸ್ ಹೋದೋನು, ಆದ್ರೂ ಇದೇ ಮಾತು ಹೇಳ್ತೀನಿ.

ದಾಟೋಕೆ ಕೆಲವೇ ನಿಮಿಷ. ಅಮ್ಮ ಬೆಂಚಿನ ತುದಿ ಗಟ್ಟಿಯಾಗಿ ಹಿಡ್ಕೊಂಡಿದ್ದೋಳು ಮಧ್ಯಕ್ಕೆ ಬಂದಾಗ ಕೈ ಬಿಟ್ಟು ನೀರಿಗೆ ಬಗ್ಗಿದ್ಳು. ಏರಿ ಮೇಲೆ ನಿಂತು ನೋಡೋ ನೀರೇ ಬೇರೆ, ಕಿಂಡಿ ಮಧ್ಯದ ನೀರೇ ಬೇರೆ, ಎರಡು ಕಡೆ ನೀರು ಒಂದನ್ನೊಂದು ಎಳೀತಾ ಸಣ್ಣ ಸಣ್ಣ ಸುಳಿ ಬಿಡ್ತಿರುತ್ತೆ. ಆಚೆ ದಡದಲ್ಲಿ ಆ ಹುಡುಗಿ ಕೈ ಚಾಚಿದ್ಳು, ಅಮ್ಮ ಅವಳ ಕೈ ಹಿಡೀದೇ ತಾನೇ ಇಳಿದ್ಳು.

ಸೌತ್ ಹೀರೋ ಕಡೆ ಏರಿ ಇನ್ನು ಸ್ವಲ್ಪವೇ ದೂರ, ಆಮೇಲೆ ದ್ವೀಪದ ಊರ ರಸ್ತೆ. ಸೇಬಿನ ಕಾಲ, ಈ ದ್ವೀಪಗಳಲ್ಲಿ ಸೇಬಿನ ತೋಟ ಜಾಸ್ತಿ. ಒಂದು ಮನೆ ಮುಂದೆ ಟೇಬಲ್ ಹಾಕಿ ಸೇಬಿನ ಚೀಲ ಇಟ್ಟಿದ್ರು, ಯಾರೂ ಇಲ್ಲ, ಡಬ್ಬಿಗೆ ದುಡ್ಡು ಹಾಕಿ ತಗೊಂಡು ಹೋಗೋದು. ಅಮ್ಮ ಒಂದು ಚೀಲ ತಗೊಂಡ್ಳು. ಮರದ ಕೆಳಗೆ ಕೂತು ಚಪಾತಿ ತಿಂದು, ಅವಳು ಕಾಲು ಚಾಚಿ ಕಣ್ಮುಚ್ಚಿದ್ಳು. ನನಗೂ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ, ಟೈಮ್ ಬೇಕಾದಷ್ಟಿದೆ ಅಂದ್ಕೊಂಡು ಒಂದು ಗಂಟೆ ಮೇಲೇ ಕೂತ್ಬಿಟ್ವಿ.

ಮೂರೂವರೆ ಹೊತ್ತಿಗೆ ತಲೆ ಮೇಲಿನ ಎಲೆಗಳು ಸದ್ದು ಮಾಡೋಕೆ ಶುರು ಮಾಡಿದ್ವು. ನಾನು ಎದ್ದು ನಿಂತೆ. ಅದೇ ಹೊತ್ತಿಗೆ ಫೆರಿ ಕಡೆಯಿಂದ ಬಂದ ಇಬ್ಬರು ಸೈಕಲ್‌ನೋರು ನಮ್ಮನ್ನ ನೋಡಿ ನಿಂತು, ಆಚೆ ಹೋಗೋರಾ ನೀವು, ಗಾಳಿ ಏಳ್ತಿದೆ, ಇವತ್ತು ಬೇಗ ನಿಲ್ಲಿಸ್ತಾರಂತೆ, ಇನ್ನು ಎರಡೋ ಮೂರೋ ಟ್ರಿಪ್ ಅಷ್ಟೇ ಅಂದ್ರು. ನಾವಿದ್ದ ಜಾಗದಿಂದ ಬೋಟಿಗೆ ಎರಡು ಕಿಲೋಮೀಟರ್. ನಾನು ಸೈಕಲಲ್ಲಿ ಆರೇಳು ನಿಮಿಷ, ಅಮ್ಮ ಎಷ್ಟೇ ಬೇಗ ನಡೆದ್ರೂ ಇಪ್ಪತ್ತು ನಿಮಿಷದ ಮೇಲೆ. ಅವಳ ಹತ್ರ ಇಲ್ಲಿನ ಸಿಮ್ ಇಲ್ಲ, ಬಿಟ್ಟು ಹೋದ್ರೆ ಮಾತಾಡೋಕಾಗಲ್ಲ. ನಾನು ಹಿಂದೆ ಮುಂದೆ ನೋಡ್ತಿದ್ದೆ, ಅವಳೇ ಹೇಳಿದ್ಳು, "ನೀನು ಹೋಗಿ ಹೇಳು, ಅಮ್ಮ ಬರ್ತಿದಾಳೆ ಅಂತ. ದಾರಿ ಒಂದೇ ತಾನೇ ಇರೋದು, ಎಲ್ಲಿ ತಪ್ಪಿಸ್ಕೊಳ್ಳಲಿ ನಾನು."

ತುಳಿದೆ. ಏರಿ ಮೇಲೆ ಬಂದಾಗ ದೊಡ್ಡ ಲೇಕ್ ಕಡೆ ಬಿಳೀ ನೊರೆ ಕಾಣೋಕೆ ಶುರುವಾಗಿತ್ತು. ಬೋಟ್ ಹತ್ರ ಹದಿನೈದು ಜನ ಇದ್ರು. ಉಸಿರು ಸಿಕ್ಕಿದ ತಕ್ಷಣ ಹುಡುಗಿಗೆ ಹೇಳ್ದೆ, ನನ್ನ ತಾಯಿ ನಡ್ಕೊಂಡು ಬರ್ತಿದ್ದಾರೆ, ಹದಿನೈದು ನಿಮಿಷ ಆಗುತ್ತೆ, ಬೆಳಗ್ಗೆ ನಿಮ್ಮ ಬೋಟಲ್ಲೇ ಬಂದಿದ್ರು ಅಂತ. ಅವಳು ಕ್ಯಾಪ್ಟನ್ ಕಡೆ ನೋಡಿದ್ಳು. ಅವರು ನೀರು ನೋಡಿದ್ರು, ನನ್ನ ಕಡೆ ಅಲ್ಲ, ನೀರನ್ನೇ, ಸ್ವಲ್ಪ ಹೊತ್ತು. ಆಮೇಲೆ, ಇವರನ್ನೆಲ್ಲ ಎರಡು ಸಲಕ್ಕೆ ದಾಟಿಸ್ತೀನಿ, ಅಷ್ಟರಲ್ಲಿ ಬಂದ್ರೆ ಕೊನೇ ಟ್ರಿಪ್ ಅವರದ್ದು ಅಂದ್ರು. ಕಾಯ್ತೀನಿ ಅಂತ ಹೇಳ್ಲಿಲ್ಲ, ಹೇಳೋಕೂ ಆಗಲ್ಲ, ಗಾಳಿ ಅವರ ಮಾತು ಕೇಳಲ್ಲ.

ಮೊದಲ ಟ್ರಿಪ್ ಹೋಯ್ತು. ನಾನು ದಾರಿ ಕಡೆ ಮುಖ ಮಾಡಿ ನಿಂತಿದ್ದೆ. ಏರಿ ನೇರವಾಗಿರೋದ್ರಿಂದ ದೂರದವರೆಗೂ ಕಾಣುತ್ತೆ, ಆದ್ರೆ ಆ ದೂರದಲ್ಲಿ ಬರ್ತಿರೋದು ಮನುಷ್ಯರಾ ಕಂಬವಾ ಅಂತ ಗೊತ್ತಾಗಲ್ಲ. ಎರಡನೇ ಟ್ರಿಪ್‌ಗೆ ಜನ ಹತ್ತೋವಾಗ ನನ್ನ ಹಳೇ ಜಾಕೆಟ್‌ನ ಕಿತ್ತಳೆ ಬಣ್ಣ ಚುಕ್ಕಿ ಥರ ಕಾಣ್ತು. ಕೈ ಬೀಸ್ದೆ, ಕೂಗ್ದೆ, ಗಾಳೀಲಿ ಏನೂ ಕೇಳಿಸಲ್ಲ. ಹತ್ತಿ ಕೂತಿದ್ದವರಲ್ಲಿ ಒಬ್ಬರು ಹೆಂಗಸು, ಗುರುತು ಪರಿಚಯ ಇಲ್ಲ, ಎದ್ದು ನಿಂತು ಅವರೂ ಕೈ ಬೀಸಿದ್ರು. ಬೋಟ್ ಆಚೆ ಹೋಗಿ ಅವರನ್ನೆಲ್ಲ ಇಳಿಸಿ ತಿರುಗೋ ಹೊತ್ತಿಗೆ ಅಮ್ಮ ಬಂದ್ಳು, ಕೂದಲೆಲ್ಲ ಮುಖದ ಮೇಲೆ, ಸೇಬಿನ ಚೀಲ ಎದೆಗೆ ಅವಚ್ಕೊಂಡು. "ಅದನ್ನ ಅಲ್ಲೇ ಬಿಟ್ಟು ಬರೋದಲ್ವಾ" ಅಂದೆ. ಅವಳು ಮಾತಾಡೋ ಸ್ಥಿತಿಯಲ್ಲಿರ್ಲಿಲ್ಲ, ತಲೆ ಅಲ್ಲಾಡಿಸಿದ್ಳು.

ಈ ಸಲ ಹತ್ತೋದು ಬೆಳಗ್ಗೆ ಥರ ಇರ್ಲಿಲ್ಲ. ಬೋಟಿನ ಅಂಚು ಕಟ್ಟೆಗಿಂತ ಒಂದು ಗೇಣು ಮೇಲೆ, ಮರುಕ್ಷಣ ಒಂದು ಗೇಣು ಕೆಳಗೆ, ಮಧ್ಯ ರಬ್ಬರ್ ನಜ್ಜಾಗಿ ಕಿರ್ ಅಂತಿತ್ತು. ಹುಡುಗಿ ಬೋಟಲ್ಲಿ ಒಂದು ಕಾಲು ಕಟ್ಟೆ ಮೇಲೆ ಒಂದು ಕಾಲು ಇಟ್ಟು ಅಮ್ಮನ ಮೊಣಕೈ ಕೆಳಗೆ ಹಿಡಿದ್ಳು, ಬೆರಳಲ್ಲ, ಮೊಣಕೈ. ನೀರು ನೋಡ್ಬೇಡಿ ನನ್ನ ನೋಡಿ ಅಂದ್ಳು. ಅಮ್ಮಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಆದ್ರೆ ಅದು ಅರ್ಥ ಆಯ್ತು. ಬೋಟ್ ಎರಡು ಸಲ ಏರಿ ಇಳಿಯೋದನ್ನ ಬಿಟ್ಟು, ಮೂರನೇ ಸಲ ಸಮಕ್ಕೆ ಬಂದಾಗ "ನೌ" ಅಂದ್ಳು, ಅಮ್ಮ ಕಾಲಿಟ್ಳು. ಆಮೇಲೆ ನನ್ನ ಸೈಕಲ್, ಆಮೇಲೆ ನಾನು. ಶನಿವಾರ ಆ ಹಿರಿಯರು ಹೇಳಿದ್ದು, ದಡ ಹಿಡಿಯೋದೇ ಕಷ್ಟ ಅಂತ, ಆಗ ಬರೀ ಕಿವಿಗೆ ಬಿದ್ದಿತ್ತು.

ಆಚೆ ಇಳಿದ್ಮೇಲೆ ಅಮ್ಮ ಚೀಲದಿಂದ ನಾಲ್ಕು ಸೇಬು ತೆಗೆದು ಆ ಹುಡುಗಿ ಕೈಗೆ ಇಟ್ಳು. ಅವಳು ಬೇಡ ಅನ್ನೋಕೆ ಹೋದ್ಳು, ಆದ್ರೆ ಒಂದು ಕೈಯಲ್ಲಿ ಹಗ್ಗ ಇತ್ತಲ್ಲ. ಕ್ಯಾಪ್ಟನ್ ಕೈ ಎತ್ತಿದ್ರು ಅಷ್ಟೇ, ಅವರ ಕಣ್ಣು ಇನ್ನೂ ನೀರಿನ ಮೇಲೇ ಇತ್ತು.

ಕಾರಿಗೆ ಇನ್ನೂ ಐದಾರು ಕಿಲೋಮೀಟರ್. ಚೀಲ ನನ್ನ ಹ್ಯಾಂಡಲ್‌ಗೆ ನೇತುಹಾಕ್ಕೊಂಡು ಸೈಕಲ್ ತಳ್ಕೊಂಡು ನಡೆದೆ, ಅಮ್ಮ ಹತ್ತು ಹೆಜ್ಜೆ ಮುಂದೆ. ಬಲಗಡೆಯಿಂದ ನೀರು ಸಿಡಿದು ಅವಳ ಜಾಕೆಟ್ ಒಂದು ಮಗ್ಗುಲು ಪೂರ್ತಿ ಒದ್ದೆ, ಇನ್ನೊಂದು ಮಗ್ಗುಲು ಒಣಗಿತ್ತು. ಕೊನೇ ಬೋಟಿಗಿಂತ ಮುಂಚೆ ದಾಟಿ ದಡದಲ್ಲಿ ಸುಧಾರಿಸ್ಕೊಳ್ತಿದ್ದ ಸೈಕಲ್‌ನೋರು ಒಬ್ಬೊಬ್ಬರಾಗಿ ಹಿಂದಿಂದ ಬರೋಕೆ ಶುರು ಮಾಡಿದ್ರು. "ಆನ್ ಯುವರ್ ಲೆಫ್ಟ್" ಅಂತ ಮೊದಲನೆಯವರು ಕೂಗಿದಾಗ ನಾನು ಅಮ್ಮನ್ನ ಎಚ್ಚರಿಸೋಕೆ ಬಾಯಿ ತೆಗೆದೆ. ಅವಳು ನಿಲ್ಲಲೂ ಇಲ್ಲ, ತಿರುಗಿ ನೋಡಲೂ ಇಲ್ಲ, ನಡೀತಾನೇ ಅರ್ಧ ಹೆಜ್ಜೆ ಬಲಕ್ಕೆ ಸರಿದು, ಎಡಗೈ ಸ್ವಲ್ಪ ಎತ್ತಿ, ಹೋಗಪ್ಪಾ ಅಂತ ದಾರಿ ತೋರಿಸಿದ್ಳು.